ಪಲ್ಪರ್ ನೀರು, ಗದ್ದೆ ಕೆಸರು, ಕೈತಪ್ಪಿದ ಒಂದು ಹಂಗಾಮು

ಹೋದ ಗುರುವಾರ ನನ್ನ ಪಿಎಚ್‌.ಡಿ. ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಸೇರಿದ್ದು 2021ರ ಜನವರಿಯಲ್ಲಿ; ಐದು ವರ್ಷದ ಮೇಲೆ ಎರಡು ವಾರ ಹಿಡಿಯಿತು. ಸೋಮವಾರಪೇಟೆ ಕಡೆಯ ನಮ್ಮೂರಲ್ಲಿ ನನಗೆ "ಕಾಫಿ ನೀರಲ್ಲಿ ಕರೆಂಟ್ ತೆಗೆಯೋ ಹುಡುಗಿ" ಅಂತಲೇ ಹೆಸರು. ಆ ಹೆಸರು ಎಷ್ಟು ಸುಳ್ಳು ಅಂತ ನನಗೇ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಈಚೆಗೆ ಇದೇ ದಾರಿ ಹಿಡಿದಿರುವ ಇಬ್ಬರು, ಒಬ್ಬ ಪೊನ್ನಂಪೇಟೆಯವನು, ಇನ್ನೊಬ್ಬಳು ಸಕಲೇಶಪುರದವಳು, ಫೋನ್ ಮಾಡಿ "ಅಕ್ಕಾ, ಎಲ್ಲಿಂದ ಶುರು ಮಾಡ್ಬೇಕು?" ಅಂದರು. "ಫೆಬ್ರವರಿಯಿಂದ" ಅಂದೆ. ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ, ಹಾಗಾಗಿ ಇಷ್ಟುದ್ದ ಬರೆಯಬೇಕಾಗಿ ಬಂತು.

ಕೊಡಗಿನವರಿಗೆ ಪಲ್ಪರ್ ನೀರಿನ ಪರಿಚಯ ಮಾಡಿಕೊಡಬೇಕಿಲ್ಲ, ಮೂಗಿಗೇ ಗೊತ್ತು. ಬೇರೆಯವರಿಗೆ ಒಂದು ಮಾತು: ಅರೇಬಿಕಾ ಹಣ್ಣಿನ ಸಿಪ್ಪೆ ಬಿಡಿಸಿ, ಬೇಳೆಯ ಮೇಲಿನ ಲೋಳೆ ತೊಳೆದಾಗ ಉಳಿಯುವ ನೀರು ಅದು. ಸಕ್ಕರೆ, ಪೆಕ್ಟಿನ್ ಎಲ್ಲ ಅದರಲ್ಲೇ. ಒಂದು ದಿನ ಬಿಟ್ಟರೆ ಹುಳಿದು ಪಿಎಚ್ ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ. ಮನೆಯ ಕೊಳಚೆ ನೀರಿನ ಸಿಒಡಿ, ಅಂದರೆ ಅದರಲ್ಲಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕ, ಲೀಟರಿಗೆ ಸುಮಾರು ಅರ್ಧ ಗ್ರಾಂ ಇದ್ದರೆ ಇದರಲ್ಲಿ 10 ಗ್ರಾಂ ದಾಟುವುದು ಮಾಮೂಲು. ಇಂಥದ್ದು ತೋಡಿಗೆ ಸೇರಿದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬ್ಯಾಕ್ಟೀರಿಯಾ ಎಳೆದುಕೊಂಡು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ನಮ್ಮ ಕಡೆಯ ತೋಡುಗಳ ನೀರು ಹಾರಂಗಿಗೆ, ಹಾರಂಗಿ ಕೂಡಿಗೆಯ ಹತ್ತಿರ ಕಾವೇರಿಗೆ. ನಡುವೆ ತೋಟದ ಕಾರ್ಮಿಕರ ಎಷ್ಟು ಲೈನ್ ಮನೆ, ಎಷ್ಟು ಬಾವಿ ಅಂತ ಎಣಿಸಿದವರಿಲ್ಲ.

ಈ ನೀರಿನಿಂದ ಕರೆಂಟ್ ಹೇಗೆ? ನಾನು ಇದನ್ನು ಎಲ್ಲರಿಗೂ ಅಜ್ಜಿಯ ಶುಗರ್ ಮಿಷನ್ ತೋರಿಸಿಯೇ ಹೇಳುವುದು. ಬೆರಳು ಚುಚ್ಚಿ ರಕ್ತ ಇಟ್ಟಾಗ ಪಟ್ಟಿಯ ಮೇಲೆ ಒಣಗಿಸಿಟ್ಟ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತು ಎಲೆಕ್ಟ್ರೋಡಿಗೆ ದಾಟಿಸುತ್ತದೆ. ಆ ಚೂರು ಕರೆಂಟನ್ನೇ ಮಿಷನ್ ಅಳೆದು ಅಂಕಿಯಾಗಿ ತೋರಿಸುತ್ತದೆ. ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಮುಂದಿಟ್ಟ ಕಿಣ್ವದ ಎಲೆಕ್ಟ್ರೋಡೇ ಇದರ ಮೂಲ. ನನ್ನ ಕೆಲಸದಲ್ಲಿ ಒಣಗಿಸಿದ ಕಿಣ್ವದ ಜಾಗದಲ್ಲಿ ಜೀವಂತ ಬ್ಯಾಕ್ಟೀರಿಯಾ. ಅವು ಪಲ್ಪರ್ ನೀರು ಉಂಡು, ಉಂಡ ಮೇಲೆ ಕೈಯಲ್ಲಿ ಉಳಿದ ಎಲೆಕ್ಟ್ರಾನನ್ನು ಯಾರಿಗಾದರೂ ಕೊಡಲೇಬೇಕು. ಗಾಳಿಯಿದ್ದರೆ ಆಮ್ಲಜನಕಕ್ಕೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲವಲ್ಲ, ಅಲ್ಲಿ ಜಿಯೋಬ್ಯಾಕ್ಟರ್ ಎಂಬ ಜಾತಿಯವು ಮಣ್ಣಿನ ಕಬ್ಬಿಣಕ್ಕೆ ಕೊಡುತ್ತವೆ. ಕಬ್ಬಿಣದ ಬದಲು ಕಂಬಳಿಯಂಥ ಇಂಗಾಲದ ಫೆಲ್ಟ್ ಇಟ್ಟರೆ ಅದಕ್ಕೂ ಕೊಡುತ್ತವೆ. ಅದಕ್ಕೊಂದು ತಂತಿ ಕಟ್ಟಿ, ಗಾಳಿಗೆ ತೆರೆದ ಇನ್ನೊಂದು ಎಲೆಕ್ಟ್ರೋಡಿಗೆ ಸೇರಿಸಿದರೆ ಮೈಕ್ರೋಬಿಯಲ್ ಫ್ಯುಯೆಲ್ ಸೆಲ್ ಆಯಿತು. 1911ರಲ್ಲೇ ಇಂಗ್ಲೆಂಡಿನ ಪಾಟರ್ ಎಂಬ ಸಸ್ಯಶಾಸ್ತ್ರಜ್ಞ ಬ್ಯಾಕ್ಟೀರಿಯಾದಿಂದ ವಿದ್ಯುತ್ ಬರುವುದನ್ನು ತೋರಿಸಿದ್ದರು.

ಅಜ್ಜಿ ಪೂರ್ತಿ ಕೇಳಿ, "ಹಂಗಾರೆ ನೀನು ತೋಡಿಗೆ ಶುಗರ್ ನೋಡೋದು" ಅಂದರು. ಆವತ್ತು ನಕ್ಕುಬಿಟ್ಟೆ.

ಮೊದಲ ವರ್ಷ ಕೋರ್ಸ್‌ವರ್ಕ್, ಆನ್‌ಲೈನ್, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಸಿನಾಪ್ಸಿಸ್‌ನಲ್ಲಿ, ಅಂದರೆ ಸಂಶೋಧನೆಯ ಯೋಜನೆಯಲ್ಲಿ, ನಾನು ಮಾಡಿದ ಲೆಕ್ಕ ಮಾತ್ರ ಹೇಳಬೇಕು. ಒಂದು ಗ್ರಾಂ ಸಿಒಡಿಯಲ್ಲಿ ಸುಮಾರು 12,000 ಕೂಲಂಬ್ ಚಾರ್ಜ್ ಇದೆ. ಲೀಟರಿಗೆ 10 ಗ್ರಾಂ ಅಂದರೆ 1,20,000. ಒಂದು 5,000 ಎಂಎಎಚ್ ಫೋನ್ ಬ್ಯಾಟರಿ 18,000 ಕೂಲಂಬ್. ಅಂದರೆ ಲೀಟರ್ ಪಲ್ಪರ್ ನೀರಿನಲ್ಲಿ ಆರು ಬ್ಯಾಟರಿ! ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ "ತೋಟದ ದೀಪಗಳಿಗೆ ವಿದ್ಯುತ್" ಅಂತ ಶೀರ್ಷಿಕೆಯಲ್ಲೇ ಬರೆದೆ. ಸಮಿತಿಯಲ್ಲಿದ್ದ ಒಬ್ಬ ಹಿರಿಯ ಮೇಡಂ "ಎಷ್ಟು ವ್ಯಾಟ್ ಬರುತ್ತಮ್ಮ?" ಅಂದರು. ಉತ್ತರವಿರಲಿಲ್ಲ. "ಮಾಡಿ ನೋಡು, ಆದ್ರೆ ಶೀರ್ಷಿಕೆ ಸ್ವಲ್ಪ ಅಗಲವಾಗಿಡು" ಅಂದರು. ನಾನು ಕೇಳಲಿಲ್ಲ. ನೀವು ಕೇಳಿ. ಆಮೇಲೆ ಶೀರ್ಷಿಕೆ ಬದಲಿಸುವ ಅರ್ಜಿಗೆ ಗೈಡ್ ಸಹಿ, ವಿಭಾಗದ ಸಹಿ, ಸಮಿತಿಯ ನಡಾವಳಿ, ಶುಲ್ಕದ ರಸೀದಿ ಎಲ್ಲ ಸೇರಿಸಿ ಓಡಾಡಿದ್ದು ನಾಲ್ಕು ತಿಂಗಳು.

ಇನ್ನು ಖರೀದಿಯ ಕಥೆ. ಎರಡು ಎಲೆಕ್ಟ್ರೋಡುಗಳ ನಡುವೆ ಹಾಕಲು ಎಲ್ಲರೂ ಬಳಸುವ, ಅಯಾನುಗಳನ್ನು (ಚಾರ್ಜ್ ಇರುವ ಕಣಗಳನ್ನು) ದಾಟಲು ಬಿಡುವ ನಾಫಿಯಾನ್ ಎಂಬ ಮೆಂಬ್ರೇನ್ ಬೇಕಿತ್ತು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಹಾಗಿರುತ್ತದೆ, ಬೆಲೆ ಕೇಳಿದರೆ ಹಾಳೆಯನ್ನು ಮುಟ್ಟಲೂ ಹೆದರಿಕೆ. 2021ರ ಜುಲೈಯಲ್ಲಿ ಮೂರು ಕೊಟೇಶನ್ ತರಿಸಿದೆ. ಖರೀದಿ ಸಮಿತಿ ಆಗಸ್ಟಿನಲ್ಲಿ ಸೇರಬೇಕಿತ್ತು, ಸೇರಿದ್ದು ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಕೊಟೇಶನ್ನುಗಳ ಅವಧಿ ಮುಗಿದಿತ್ತು, ಮತ್ತೆ ಮೂರು. ಹೊರದೇಶದಿಂದ ಬರುವ ಮಾಲು ಅಂತ ಇನ್ನೊಂದಷ್ಟು ವಾರ. ಪಾರ್ಸೆಲ್ ಕೈಗೆ ಸಿಕ್ಕಿದಾಗ ಫೆಬ್ರವರಿ ಮೊದಲ ವಾರ. ಆ ಸಂಜೆಯೇ ಬಸ್ ಹತ್ತಿ ಊರಿಗೆ ಬಂದೆ. ಕಣದಲ್ಲಿ ರೊಬಸ್ಟಾ ಚೆರಿ ಒಣಗುತ್ತಿತ್ತು. ಅರೇಬಿಕಾ ಪಲ್ಪಿಂಗ್ ಮುಗಿದು ಮೂರು ವಾರ, ಪಲ್ಪರ್ ಯಂತ್ರಕ್ಕೆ ಟಾರ್ಪಾಲು ಹೊದಿಸಿದ್ದರು. ತೊಟ್ಟಿಯ ತಳದಲ್ಲಿ ಒಣಗಿದ ಸಿಪ್ಪೆ ಬಿಟ್ಟರೆ ಏನೂ ಇಲ್ಲ. ಪಾರ್ಸೆಲ್ ಡಬ್ಬ ಹಿಡಿದುಕೊಂಡು ಕಣದ ಕಟ್ಟೆಯ ಮೇಲೆ ಕೂತಿದ್ದೆ. ಇನ್ನು ನವೆಂಬರಿನವರೆಗೆ ಕಾಯಬೇಕು.

ಅದಕ್ಕೇ ಫೆಬ್ರವರಿ ಅಂದದ್ದು. ಅರೇಬಿಕಾ ಪಲ್ಪಿಂಗ್ ನಮ್ಮಲ್ಲಿ ನವೆಂಬರಿನಿಂದ ಜನವರಿ, ನಡುವೆ ಅಕಾಲ ಮಳೆ ಬಂದರೆ ಇನ್ನೂ ಹರಿದು ಹಂಚಿಹೋಗುತ್ತದೆ. ಕಚೇರಿಯ ಕ್ಯಾಲೆಂಡರಿಗೆ ಇದರ ಪರಿವೆಯಿಲ್ಲ. ಒಂದು ಸಹಿ ಹದಿನೈದು ದಿನ ತಡವಾದರೆ ಹೋಗುವುದು ಹದಿನೈದು ದಿನವಲ್ಲ, ಒಂದು ವರ್ಷ. ಈ ವರ್ಷದ ಹಂಗಾಮು ಮುಗಿಯುವಾಗಲೇ ಮುಂದಿನದಕ್ಕೆ ಕೊಟೇಶನ್ ಕೇಳಿ. ಫೆಲೋಶಿಪ್ ಕಾಗದದ ಮೇಲೆ ಆಗ ತಿಂಗಳಿಗೆ 31,000 ಇತ್ತು, 2023ರ ಜನವರಿಯಿಂದ ದರ ಏರಿತು, ಒಳ್ಳೆಯದೇ. ಆದರೆ ಅದು ಕೈಗೆ ಬರುವುದು ಮೂರು ನಾಲ್ಕು ತಿಂಗಳಿಗೊಮ್ಮೆ ಒಟ್ಟಾಗಿ. ಹಂಗಾಮಿನ ಖರ್ಚಿಗೆ ಒಂದು ಐವತ್ತು ಸಾವಿರ ಬೇರೆ ಎತ್ತಿಟ್ಟುಕೊಂಡಿರಿ, ಇಲ್ಲವಾದರೆ ಅಪ್ಪನ ಮುಖ ನೋಡಬೇಕಾಗುತ್ತದೆ.

ಕಾಯುವ ಆ ಒಂಬತ್ತು ತಿಂಗಳು ಪೂರ್ತಿ ವ್ಯರ್ಥವಾಗಲಿಲ್ಲ. ಮೆಂಬ್ರೇನಿನ ಬದಲು ಸುಟ್ಟ ಮಣ್ಣಿನ ಪಾತ್ರೆ ಬಳಸಬಹುದು ಅಂತ ಓದಿದೆ. ಐಐಟಿ ಖರಗ್‌ಪುರದವರೂ ಮಣ್ಣಿನ ಪಾತ್ರೆಯಲ್ಲಿ ತುಂಬಾ ಕೆಲಸ ಮಾಡಿದ್ದಾರೆ. ಕುಶಾಲನಗರದ ಸಂತೆಯಲ್ಲಿ ಒಂದಕ್ಕೆ 60 ರೂಪಾಯಿಯಂತೆ ನಲವತ್ತು ಕುಡಿಕೆ ತಂದೆ. ಎಲ್ಲವೂ ಒಂದೇ ತರಹ ಇರುವುದಿಲ್ಲ. ನೀರು ತುಂಬಿಸಿ ಹಳೇ ಪೇಪರ್ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಮೈ ಬೆವರಿದ ಹಾಗಿದ್ದು ಪೇಪರ್ ಬರೀ ತಂಪಾಗಿದ್ದರೆ ಅದು ಸರಿಯಾದ ಕುಡಿಕೆ. ಪೇಪರ್ ನೆನೆದು ಮುದ್ದೆಯಾಗಿದ್ದರೆ ಸೋರುತ್ತದೆ, ಮುಟ್ಟಿದರೆ ಒಣಗಿಯೇ ಇದ್ದರೆ ಅಯಾನುಗಳಿಗೂ ದಾರಿಯಿಲ್ಲ. ನಲವತ್ತರಲ್ಲಿ ಹದಿನೇಳು ಪಾಸಾದವು. ಒಳಗೆ ಫೆಲ್ಟ್ ಇಟ್ಟು ಪಲ್ಪರ್ ನೀರು ತುಂಬಿ ಬಾಯಿ ಮುಚ್ಚುವುದು, ಹೊರಗಡೆ ಸುತ್ತ ಆಕ್ಟಿವೇಟೆಡ್ ಕಾರ್ಬನ್ ಹಚ್ಚಿದ ಇಂಗಾಲದ ಬಟ್ಟೆ ಸುತ್ತಿ ಗಾಳಿಗೆ ಬಿಡುವುದು. ಅಷ್ಟು ಕಷ್ಟಪಟ್ಟು ತರಿಸಿದ ನಾಫಿಯಾನ್ ಕೊನೆಗೆ ಹೋಲಿಕೆಗೆ ಅಂತ ಎರಡು ಸೆಲ್ಲಿಗಷ್ಟೇ ಬಳಕೆಯಾಯಿತು.

ತೋಟ ಹುಡುಕುವುದು ಇನ್ನೊಂದು ಪಾಡು. ಮೂರು ಕಡೆ ಕಾಫಿ ಕೊಟ್ಟು, ಊಟಕ್ಕೂ ಕರೆದು, ಕೊನೆಗೆ ನಯವಾಗಿ ಬೇಡ ಅಂದರು. ಯಾಕೆಂದು ನನಗೆ ಹೊಳೆದಿರಲಿಲ್ಲ. ನಾಲ್ಕನೆಯ ತೋಟದ ಅಂಕಲ್, ಅಮ್ಮನ ಸಹೋದ್ಯೋಗಿಯ ಅಣ್ಣ, ನೇರವಾಗಿಯೇ ಕೇಳಿದರು.

"ಅಲ್ಲಮ್ಮಾ, ನೀನು ನನ್ನ ನೀರು ಅಳೆದು ಪುಸ್ತಕದಲ್ಲಿ ಹಾಕಿದ್ರೆ, ನಾಳೆ ಪೊಲ್ಯೂಷನ್ ಬೋರ್ಡ್‌ನವರು ಬಂದು ನನ್ನ ಹಿಡೀತಾರಲ್ಲ?"

ಹೆದರಿಕೆ ನ್ಯಾಯವಾದದ್ದೇ. ಗೈಡ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಬಂದೆ: ತೋಟದ ಹೆಸರು, ಸರ್ವೆ ನಂಬರ್, ಗುರುತು ಸಿಗುವ ಫೋಟೋ ಯಾವುದೂ ಅಚ್ಚಾಗುವುದಿಲ್ಲ, ಅಳತೆಯ ಮೊದಲ ಪ್ರತಿ ಅವರಿಗೇ. ಈ ಪತ್ರವನ್ನು ಮೊದಲ ಭೇಟಿಗೇ ಕೈಯಲ್ಲಿ ಹಿಡಿದು ಹೋಗಿ, ನನ್ನ ಹಾಗೆ ಮೂರು ತೋಟ ಕಳೆದುಕೊಳ್ಳಬೇಡಿ. ಅಂಕಲ್ ಓದಿ ಮಡಚಿಟ್ಟುಕೊಂಡು, "ಶಾಕ್ ಎಂಥದೂ ಹೊಡೆಯಲ್ಲ ತಾನೇ?" ಅಂದರು. ಅರ್ಧ ವೋಲ್ಟ್, ಟಾರ್ಚಿನ ಒಂದು ಸೆಲ್ಲಿಗಿಂತ ಕಡಿಮೆ ಅಂದೆ. "ಅಷ್ಟಕ್ಕೆ ಇಷ್ಟೆಲ್ಲಾನಾ?" ಅಂದುಬಿಟ್ಟರು.

2022ರ ನವೆಂಬರ್ ಮಧ್ಯದಲ್ಲಿ ಹನ್ನೆರಡು ಕುಡಿಕೆ ಕೂರಿಸಿದೆ. ಗದ್ದೆಯ ಕೆಸರು ಮೇಲಿನದ್ದು ಬೇಡ, ಒಂದು ಗೇಣು ಕೆಳಗೆ ಕಪ್ಪಗಿರುತ್ತದೆ, ಕೊಳೆತ ಮೊಟ್ಟೆ ವಾಸನೆ, ಅದೇ ಬೇಕಾದ್ದು. ಹನ್ನೆರಡು ದಿನ ಮಲ್ಟಿಮೀಟರ್ 0.04 ವೋಲ್ಟ್ ದಾಟಲಿಲ್ಲ. ಹುಳಿ ನೀರನ್ನು ಹಾಗೇ ಸುರಿದಿದ್ದೆ, ಬ್ಯಾಕ್ಟೀರಿಯಾ ಹಿಡಿಯುವುದು ಹೇಗೆ? ತೋಟದವರು ಮಾಡುವ ಹಾಗೆ ಸುಣ್ಣ ಹಾಕಿದೆ, ಕುಡಿಕೆಯ ರಂಧ್ರಗಳೆಲ್ಲ ಸುಣ್ಣದಿಂದ ಕಟ್ಟಿ ಹೊರಮೈ ಬೆಳ್ಳಗಾಯಿತು. ಅಡುಗೆ ಸೋಡಾ ಹಾಕಿ ಪಿಎಚ್ ಏಳಕ್ಕೆ ತಂದ ಮೇಲೆ ಅಂಕಿ ಅಲುಗಾಡಿತು. 0.09. 0.21. ಹದಿನೇಳನೆಯ ದಿನ 0.38. ರಾತ್ರಿ ಮೂರಕ್ಕೆ ಎದ್ದು ಟಾರ್ಚ್ ಹಿಡಿದು ನೋಡಲು ಹೋದರೆ 0.27! ಏನೋ ಕೆಟ್ಟಿತು ಅಂತ ತಂತಿಗಳನ್ನೆಲ್ಲ ಬಿಚ್ಚಿ ಕಟ್ಟಿದೆ. ಬೆಳಿಗ್ಗೆ ಹತ್ತಕ್ಕೆ ಮತ್ತೆ 0.38. ನಾಲ್ಕು ರಾತ್ರಿ ಹೀಗೇ ಆದ ಮೇಲೆ ತಲೆಗೆ ಹೋಯಿತು, ನಮ್ಮ ಚಳಿಗೆ ಅವಕ್ಕೂ ಕೈಕಾಲು ಬರುವುದಿಲ್ಲ. ಲ್ಯಾಬಿನಲ್ಲಿ ಸದಾ 30 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ನೋಡಿದವಳಿಗೆ ಇದು ಗೊತ್ತಿರಲಿಲ್ಲ. ಉಷ್ಣತೆಯನ್ನೂ ಜೊತೆಗೇ ದಾಖಲಿಸಿ. ಅಳತೆಯನ್ನು ತಾನೇ ಬರೆದಿಡುವ ಡೇಟಾ ಲಾಗರಿಗೆ ಬ್ಯಾಟರಿ ಹಾಕಿ; ಕರೆಂಟ್ ತಯಾರಿಸುವ ಪ್ರಯೋಗದ ಎರಡು ವಾರದ ದಾಖಲೆ ನನ್ನದು ಕರೆಂಟ್ ಹೋಗಿ ಅಳಿಸಿಹೋಗಿದೆ, ಅದನ್ನು ವೈವಾದಲ್ಲಿ ಹೇಳಿದಾಗ ಎಲ್ಲರೂ ನಕ್ಕರು.

ಹುತ್ತರಿಗೆ ಎರಡು ದಿನ ಊರಿಗೆ ಹೋಗಿದ್ದೆ. ವಾಪಸು ಬಂದಾಗ ಎಂಟು ಕುಡಿಕೆ ಫಳಫಳ ಹೊಳೆಯುತ್ತಿದ್ದವು. ಹಬ್ಬಕ್ಕೆ ಅಂತ ಪಲ್ಪರ್ ಮನೆ ತೊಳೆಯುವಾಗ ಅಸ್ಸಾಮಿನ ಹುಡುಗನೊಬ್ಬ ಪಾಪ, ನನ್ನ "ಗಲೀಜು ಮಡಕೆ"ಗಳನ್ನೂ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಫೆಲ್ಟನ್ನು ಹಿಂಡಿ ಹಗ್ಗದ ಮೇಲೆ ಒಣಹಾಕಿದ್ದ. ಕೋಪ ಬರಲಿಲ್ಲ, ಅಳು ಬಂತು. ನಾನು ಕನ್ನಡದಲ್ಲಿ "ಮುಟ್ಟಬೇಡಿ" ಅಂತ ದೊಡ್ಡದಾಗಿ ಬರೆದಿದ್ದೆ. ಅವನಿಗೆ ಅದು ಓದಲು ಬರಬೇಕಲ್ಲ. ಚಿತ್ರ ಬರೆದು ಅಂಟಿಸಿ. ಗೋಣಿಚೀಲದ ಹಿಂದೆ ಇದ್ದ ನಾಲ್ಕು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವುಗಳ ಫೆಲ್ಟಿನಿಂದ ಲೋಳೆ ಕೆರೆದು, ಉಳಿದ ಕುಡಿಕೆಗಳಿಗೆ ಹೊಸ ಫೆಲ್ಟ್ ಇಟ್ಟು, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಹಾಕಿದೆ. ಆರೇ ದಿನದಲ್ಲಿ ಎದ್ದವು! ಒಮ್ಮೆ ಪಳಗಿದ ಹೆಪ್ಪು ಕೆಸರಿಗಿಂತ ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ನನ್ನ ಮೂರನೆಯ ಅಧ್ಯಾಯ ಆ ಹುಡುಗನ ಕೃಪೆ.

ಸ್ಯಾಂಪಲ್ ಸಾಗಣೆಗೆ ಐಸ್ ಪೆಟ್ಟಿಗೆ ಸಾಕು. ನಮ್ಮ ಕಾಲೇಜಿಗೆ ಬಸ್ಸಿನಲ್ಲಿ ನಾಲ್ಕು ತಾಸು. ಕಂಡಕ್ಟರ್ ಮೂಗು ಮುಚ್ಚಿಕೊಂಡು "ಏನಮ್ಮ ಅದು, ಮೀನಾ?" ಅನ್ನುತ್ತಿದ್ದರು. ಹೌದು ಅಂದುಬಿಡುತ್ತಿದ್ದೆ, ಲಗೇಜ್ ಚೀಟಿ ಹರಿಸಿದರೆ ಮುಗಿಯಿತು. ಮರುದಿನ ಸಿಒಡಿ: ಡೈಕ್ರೋಮೇಟ್ ಮತ್ತು ಗಂಧಕಾಮ್ಲದಲ್ಲಿ 150 ಡಿಗ್ರಿಗೆ ಎರಡು ತಾಸು ಕುದಿಸಿ, ಆರಿಸಿ, ಹನಿ ಹನಿಯಾಗಿ ಟೈಟ್ರೇಟ್ ಮಾಡುವುದು. ನೀಲಿ ಹಸಿರು ಇದ್ದದ್ದು ಒಂದೇ ಹನಿಗೆ ಇಟ್ಟಿಗೆ ಕೆಂಪಾಗುತ್ತದೆ. ಆ ಹನಿ ತಪ್ಪಿದರೆ ಮೊದಲಿಂದ. ಈ ಪರೀಕ್ಷೆಯ ಹಳೇ ದ್ರಾವಣದಲ್ಲಿ ಪಾದರಸ ಇರುತ್ತದೆ ಅನ್ನುವುದನ್ನು ನೆನಪಿಡಿ, ಕೊನೆಯಲ್ಲಿ ಅದು ನನ್ನ ಕುತ್ತಿಗೆಗೆ ಬಂತು.

ಹಂಗಾಮಿನ ಕೊನೆಗೆ ಮೇಡಂ ಕೇಳಿದ್ದ ವ್ಯಾಟಿನ ಲೆಕ್ಕ ಸಿಕ್ಕಿತು. ನನ್ನ ಅತ್ಯುತ್ತಮ ಕುಡಿಕೆ 1,000 ಓಮ್ ರೆಸಿಸ್ಟರಿನ ಮೇಲೆ 0.42 ವೋಲ್ಟ್ ಕೊಟ್ಟಿತು. ಅಂದರೆ 0.18 ಮಿಲಿವ್ಯಾಟ್. ಅರ್ಧ ವ್ಯಾಟಿನ ಜೀರೋ ಬಲ್ಬ್ ಒಂದಕ್ಕೆ ಸುಮಾರು 2,800 ಕುಡಿಕೆ. ಚಾರ್ಜ್ ಬೇರೆ, ಶಕ್ತಿ ಬೇರೆ. ಫೋನ್ ಬ್ಯಾಟರಿಯ ವೋಲ್ಟೇಜಿನ ಸುಮಾರು ಒಂಬತ್ತನೆಯ ಒಂದು ಪಾಲು ನನ್ನದು. ಮೇಲಾಗಿ ಊಟದ ಬಹುಪಾಲನ್ನು ಮೀಥೇನ್ ಮಾಡುವ ಬೇರೆ ಜೀವಿಗಳು ಕಬಳಿಸುತ್ತವೆ. ಸಾಲಾಗಿ ಜೋಡಿಸಿದರೆ ಹಸಿದ ಒಂದು ಕುಡಿಕೆ ತಿರುಗಿಬಿದ್ದು ಉಳಿದವುಗಳ ವೋಲ್ಟೇಜನ್ನೂ ತಿನ್ನುತ್ತದೆ. ಎರಡು ದಿನ ಊಟ ಸೇರಲಿಲ್ಲ.

ಅಜ್ಜಿಯ ಮಾತು ನೆನಪಾದದ್ದು ಆಗ. ತೋಡಿಗೆ ಶುಗರ್ ನೋಡುವುದು! ಶುಗರ್ ಮಿಷನ್ನಿನಿಂದ ಯಾರೂ ಬಲ್ಬ್ ಉರಿಸುವುದಿಲ್ಲ. ಅಲ್ಲಿ ಕರೆಂಟ್ ಅಂದರೆ ಸುದ್ದಿ. ನೀರಿನಲ್ಲಿ ಕೊಳೆಯುವ ವಸ್ತು ಹೆಚ್ಚಾದರೆ ಕರೆಂಟ್ ಹೆಚ್ಚು, ಅಷ್ಟೇ. ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಅಂತ ನೋಡುವ ಬಿಒಡಿ ಪರೀಕ್ಷೆ ನಮ್ಮಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡುವಂಥದ್ದು. ಮೂರು ದಿನದಲ್ಲಿ ತೋಡಿನ ನೀರು ಕುಡಿಯುವವರು ಕುಡಿದಾಗಿರುತ್ತದೆ. ಈ ಬಳಕೆ ಹೊಸದೇನಲ್ಲ, ಕೊರಿಯಾದವರು ಆಗಲೇ ಮಾಡಿದ್ದರು, ನಾನು ಮಾತ್ರ ವ್ಯಾಟ್ ವ್ಯಾಟ್ ಅಂತ ಆ ಪುಟಗಳನ್ನು ಹಾರಿಸಿ ಓದಿದ್ದೆ. ಶೀರ್ಷಿಕೆ ಬದಲಿಸುವ ಅರ್ಜಿ ಹಾಕಿದ್ದು ಇದಕ್ಕೇ.

2023ರ ಹಂಗಾಮಿನಲ್ಲಿ ಒಂದು ಸೆಲ್ಲನ್ನು ತ್ಯಾಜ್ಯದ ತೊಟ್ಟಿಯ ಕೆಳಗೆ, ತೋಡಿನ ಬದಿಯಲ್ಲಿ ಇಟ್ಟೆ. ಪಲ್ಪರ್ ನೀರು ನೇರ ತಾಗಿದರೆ ಅದು ಬೇಗ ಗರಿಷ್ಠ ಮುಟ್ಟಿ ನಿಂತುಬಿಡುತ್ತದೆ, ತೆಳುವಾದ ನೀರಿನಲ್ಲೇ ಅದರ ಅಳತೆ ಚಂದ. ದಿನಾ ಬೆಳಿಗ್ಗೆ ಮಲ್ಟಿಮೀಟರಿನ ಫೋಟೋ ಕಳಿಸಿ ಅಂತ ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಹೇಳಿದ್ದೆ. ಮೂರು ವಾರ 0.04, 0.05, 0.04. ಒಂದು ಬೆಳಿಗ್ಗೆ 0.19. ನನ್ನ ವೈರ್ ಸಡಿಲವಾಗಿರಬೇಕು ಅಂದುಕೊಂಡೆ. ರೈಟರ್ ನಂಬಲಿಲ್ಲ, ತೊಟ್ಟಿಯ ಏರಿಯ ಮೇಲೆ ಪೂರ್ತಿ ನಡೆದರು. ಏಡಿ ಬಿಲ. ಹೆಬ್ಬೆರಳು ಗಾತ್ರದ್ದು, ಅದರಿಂದ ಕಂದು ನೀರು ಸದ್ದಿಲ್ಲದೆ ತೋಡಿಗೆ ಇಳಿಯುತ್ತಿತ್ತು. ಜೇಡಿಮಣ್ಣು ಮೆತ್ತಿ ಮುಚ್ಚಿದರು. ಮರುದಿನ ಸಂಜೆಗೆ 0.06. ಐದು ವರ್ಷದಲ್ಲಿ ನನ್ನ ಕೆಲಸ ಕೆಲಸಕ್ಕೆ ಬಂದದ್ದು ಆವತ್ತು.

ಬರವಣಿಗೆಯ ಕಷ್ಟಗಳು ಎಲ್ಲರಿಗೂ ಇದ್ದದ್ದೇ. ನಕಲು ತಪಾಸಣೆಯಲ್ಲಿ ಹೋಲಿಕೆ ಶೇ 10 ಮೀರಬಾರದು. ನನ್ನದೇ ಪ್ರಕಟಿತ ಲೇಖನ ನನಗೇ ಎದುರು ನಿಂತಿತು, ಅದನ್ನು ಬಿಡಿಸಲು ಗೈಡ್ ದೃಢೀಕರಣ ಬೇಕಾಯಿತು. ಬೇರೆ ಎಲೆಕ್ಟ್ರೋಡುಗಳ ವೋಲ್ಟೇಜನ್ನು ಹೋಲಿಸಿ ನೋಡುವ ರೆಫರೆನ್ಸ್ ಎಲೆಕ್ಟ್ರೋಡನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿಡದೆ ಒಣಗಿಸಿಬಿಟ್ಟು ಎರಡು ತಿಂಗಳ ಅಳತೆ ಎಸೆದದ್ದನ್ನು ಹೇಳಲೂ ನಾಚಿಕೆ. ಆದರೆ ನೋ ಡ್ಯೂಸ್, ಅಂದರೆ ಬಾಕಿಯಿಲ್ಲ ಅನ್ನುವ ಪತ್ರದ, ಹಂತದಲ್ಲಿ ಎಡವುತ್ತೇನೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಲ್ಯಾಬ್ ಮೂಲೆಯಲ್ಲಿ ನನ್ನ ಹೆಸರು ಬರೆದ 18 ಲೀಟರ್ ಪಾದರಸದ ತ್ಯಾಜ್ಯ. ಚರಂಡಿಗೆ ಚೆಲ್ಲುವ ಹಾಗಿಲ್ಲ, ಚೆಲ್ಲಲೂಬಾರದು. ಪರವಾನಗಿ ಇರುವವರು ಬಂದು ಒಯ್ಯಬೇಕು, ಅವರು ಒಂದು ಕ್ಯಾನಿಗಾಗಿ ಬರುವುದಿಲ್ಲ. ಬೇರೆ ವಿಭಾಗಗಳ ಬಾಗಿಲು ತಟ್ಟಿ ಅವರ ಕ್ಯಾನುಗಳನ್ನೂ ಸೇರಿಸಿ ಲೋಡ್ ಮಾಡುವಷ್ಟರಲ್ಲಿ ಏಳು ವಾರ. ಚಿಕ್ಕ ಶೀಶೆಗಳಲ್ಲಿ ಮಾಡುವ ಸಿಒಡಿ ವಿಧಾನ ಇದೆ, ಮೊದಲ ದಿನದಿಂದಲೇ ಅದನ್ನು ಬಳಸಿ.

2025ರ ಮೇನಲ್ಲಿ ಪ್ರಬಂಧ ಸಲ್ಲಿಸಿದೆ. ಒಬ್ಬ ಪರೀಕ್ಷಕರ ವರದಿ ಆರು ವಾರದಲ್ಲಿ ಬಂತು, ಇನ್ನೊಬ್ಬರದ್ದು ಏಳು ತಿಂಗಳಾದರೂ ಬಂದಿರಲಿಲ್ಲ. ನಾವು ಅವರನ್ನು ಸಂಪರ್ಕಿಸುವಂತಿಲ್ಲ. ಪರೀಕ್ಷಾ ವಿಭಾಗಕ್ಕೆ ಲಿಖಿತವಾಗಿ ಕೇಳಿ, ಇನ್‌ವರ್ಡ್ ನಂಬರ್ ಪಡೆದು, ಹದಿನೈದು ದಿನಕ್ಕೊಮ್ಮೆ ಆ ನಂಬರ್ ಹಿಡಿದು ಹೋಗುವುದೇ ದಾರಿ. ಫೋನಿನಲ್ಲಿ ಕೇಳಿದ್ದು ಕೇಳಿದ ಹಾಗಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಕೊನೆಯ ಪ್ರಶ್ನೆ: "ನೀವು ಹೋದ ಮೇಲೆ ಇದನ್ನು ತೋಟದವರು ನಡೆಸ್ತಾರಾ?" ಫೋನ್ ತೆಗೆದು ಆ ಬೆಳಿಗ್ಗೆ ಬಂದ ಫೋಟೋ ತೋರಿಸಿದೆ. ಈ ಹಂಗಾಮಿನಲ್ಲಿ ನಾನು ಹೇಳದಿದ್ದರೂ ರೈಟರ್ ತಾವೇ ಸೆಲ್ ಕೂರಿಸಿದ್ದರು. ಪಲ್ಪಿಂಗ್ ಇನ್ನೊಂದು ವಾರವಿದೆಯಂತೆ. ನಿನ್ನೆಯ ಫೋಟೋದಲ್ಲಿ 0.04 ಇತ್ತು. ಕೆಳಗೆ ಬರೆದಿದ್ದರು: "ಏಡಿ ಇಲ್ಲ ಮೇಡಂ."